ಮೊಳಕೈ ತನ

ಖಣಿ ನೀರಿಗಿ ತನ್ನ ಬಣ್ಣ ಇಲ್ಲ, ಇರೋದು ಫರಸಿ ಬಣ್ಣ,
ಬೂದಿಯೂ ಅಲ್ಲ, ನೀಲಿಯೂ ಅಲ್ಲ.
ಜಗದೇವಿನ್ನ ಎಳದು ದಂಡಿಮ್ಯಾಗ ಮಲಗಿಸಿದ್ರು.
ಹೆಣ್ಣಿನ ಹೆಣ, ಹೆಣ್ಣು ಪಂಚರು ಬೇಕಂತ
ಸ್ಟೇಷನ್ ಹಿಂದಿನ ಓಣಿಯಿಂದ ನನ್ನ ಕರಸಿದ್ರು.
ಹಲೀಮಾಬಿ, ವಯ ಐವತ್ತೆರಡು, ಟೇಲರ್, ಸಾಕಿನ ಶಹಾಬಾದ.
ಕೊರಳಾಗ ಟೇಪು ಹಂಗೇ ಇತ್ತು, ತೆಗ್ಯೋದು ಮರತಿದ್ದೆ.

"ಹಾರ್ಯಾಳ" ಅಂದ ಗಂಡ.
"ದೂಡ್ಯಾನ" ಅಂದಳು ಅಕ್ಕ.
ಜಮಾದಾರ ಭೀಮಶಾ ಎರಡೂ ಬರಕೊಳ್ಳಲಿಲ್ಲ.
"ಮೊದಲ ಕಣ್ಣು ಬರೀಲಿ, ಕಿವಿದು ಆಮ್ಯಾಗ."
ಯುಡಿಆರ್ ನಂಬರ ಹಾಕಿ
ಕಾರಣದ ಮುಂದ ಜಾಗ ಖಾಲಿ ಬಿಟ್ಟ.
ಮದಿವ್ಯಾಗಿ ಎಷ್ಟು ವರ್ಷ? ಒಂಬತ್ತು.
ಏಳರ ಒಳಗಿದ್ರ ತಹಶೀಲ್ದಾರ ಬರ್ತಿದ್ದ.

ಚಪ್ಪಲಿ ಜೋಡಿಸಿ ಇಟ್ಟಿದ್ದವು ಅಂಚಿಗಿ.
ಅದನ್ನ ನೋಡಿ ಮಂದಿ ತಲಿ ಆಡಿಸಿದ್ರು, ಹಾರಿದವರ ಗುರ್ತು ಅದು ಅಂತ.
ಭೀಮಶಾ ಕೇಳ್ದ,
"ರಾತ್ರಿ ಹುಡುಕಲಿಕ್ಕ ಬಂದವರಾಗ ಯಾರರ ಮುಟ್ಟೀರೇನು?"
ಕಂಕರ್ ಮಷೀನಿನ ಹುಡುಗ ಒಬ್ಬ
ಅರ್ಧ ಕೈ ಎತ್ತಿದ:
"ಒಂದಿಲ್ಲಿ ಒಂದಲ್ಲಿ ಬಿದ್ದಿದ್ದವ್ರಿ. ಕಳೀತಾವಂತ."

ಪಾಚಿಮ್ಯಾಗ ಒಂದೇ ಉದ್ದ ಗೆರಿ.
ಜಾರಿದ್ದೋ, ದೂಡಿದ್ದೋ, ತಾನೇ ಇಟ್ಟ ಹೆಜ್ಜಿಯೋ,
ಪಾಚಿಗಿ ಮೂರಕ್ಕೂ ಒಂದೇ ಅಕ್ಷರ ಬರ್ತದ.

ದವಾಖಾನಿಯಾಗ ಡಾಕ್ಟರ್ ವೈಜಯಂತಾ
ಮಾಸ್ಕ್ ಇಳಿಸಿ ಅಂದ್ರು,
ಎದಿಯೊಳಗ ಖಣಿ ನೀರದ, ಬೀಳೂತನ ಉಸಿರಿತ್ತು.
ಉಸಿರಿತ್ತು ಅಂತಷ್ಟೇ ಹೇಳ್ತದ ನೀರು,
ಮನಸ್ಸಿತ್ತೋ ಇಲ್ಲೋ ಹೇಳೂದಿಲ್ಲ.
ಬೆನ್ನಿನ ಕೆಂಪು ಹೊಸದು. ಕಲ್ಲು ಬಡದಿರಬಹುದು. ಕೈ ಇರಬಹುದು.
ರಟ್ಟಿಮ್ಯಾಗಿಂದು ಹಳೀದು, ವಾರ ದಾಟೇದ,
ಸಾವಿಗಿ ಕೂಡಿಸಲಿಕ್ಕ ಬರೂದಿಲ್ಲ.

ನಾನು ನೋಡ್ದೆ.
ನಾಕು ಬೊಟ್ಟು. ನಡುವ ಹಳದಿ, ಅಂಚಿಗಿ ಹಸರು,
ಬಣ್ಣ ಬಿಟ್ಟ ಅಗ್ಗದ ದಾರದಂಗ.
ನನ್ನ ಟೇಪು ಇಲ್ಲದೇನೂ ಅಳತಿ ಗೊತ್ತಾತು:
ಭುಜದಿಂದ ಆರು ಇಂಚು.

ಒಂಬತ್ತು ದಿನದ ಹಿಂದ
ಬದನಿಕಾಯಿ ಬಣ್ಣದ ಜಂಪರ್ ಬಟ್ಟಿ ತಂದಿದ್ಲು.
"ಅಕ್ಕಾ, ಈ ಸಲ ತೋಳು ಮೊಳಕೈ ತನ."
"ಇಂಥಾ ಬಿಸಲಾಗ?" ಅಂದೆ. ನಕ್ಕಳು.
ನಾನೂ ನಕ್ಕೆ, ಚಾಕಿಲೆ ಗೆರಿ ಎಳದೆ.
ಬಾಗಲ ದಾಟಿದಾಕಿ ತಿರುಗಿ ಬಂದು,
"ಒಳಗ ಒಂದಿಷ್ಟು ಬಟ್ಟಿ ಬಿಡು,
ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಿಸ್ತೀನಿ."

ಆ ರಾತ್ರಿ ಗುಂಡಿ ಹಚ್ಚಿ ಮುಗಿಸ್ದೆ.
ಯಾಕ ಮುಗಿಸ್ದೆ, ಗೊತ್ತಿಲ್ಲ.
ಮುಂಜಾನೆ ಪೇಪರಿನಾಗ ಸುತ್ತಿಕೊಂಡು ಠಾಣಾಕ್ಕ ಹೋದೆ.

ಭೀಮಶಾ ಚಹಾ ಸರಿಸಿ ಜಂಪರ್ ಹರವಿದ,
ಹೊಲಿಗಿ ತಿರುವಿ ಒಳಗಿನ ಬಟ್ಟಿ ನೋಡ್ದ.
"ನಾಳಿಗಿ ಹಾಲು ಹೇಳಿ ಹೋದವರನ್ನೂ ನೋಡೀನಿ, ಹಲೀಮಾಬಿ.
ಮುಂದಿನ ವರ್ಷ ಅಂದಿದ್ದು ಸಾಬೀತಲ್ಲ."
"ತೋಳು?"
"ತೋಳಿಗಿ ತಾರೀಖು ಎಲ್ಲದ?"

ಅಳತಿ ಪುಸ್ತಕ ಮುಂದಿಟ್ಟೆ.
ಹೋದ ದೀಪಾವಳಿಗಿ: ಜಗದೇವಿ, ತೋಳು ನಾಕು ಇಂಚು.
ಯುಗಾದಿಗಿ: ನಾಕು.
ಈ ತಿಂಗಳ ಆರನೇ ತಾರೀಖಿಗಿ, ನನ್ನ ಸೊಟ್ಟ ಅಕ್ಷರದಾಗ,
ಮೊಳಕೈ ತನ.

ಭಾಳ ಹೊತ್ತು ಓದಿದ, ಮೂರೇ ಸಾಲು.
ಕಾರಣದ ಮುಂದ ಖಾಲಿ ಇದ್ದದ್ದು ಖಾಲಿನೇ ಇತ್ತು.
ಹೊಸ ಹಾಳಿ ತಗೊಂಡು ಬರೀಲಿಕ್ಕ ಹತ್ತಿದ.
ಅಂಬ್ರೇಶನ ಫೋನಿಂದು, ನೆರಿಮನಿಯವರದು,
ಇನ್ನ ಕೇಳೋದು ಭಾಳ ಅದ, ಅಂದ.
ಆಮ್ಯಾಗ ತಲಿ ಎತ್ತದೇನೇ,
"ಅವತ್ತ ನೀ ಅಕಿನ್ನ ಏನರ ಕೇಳಿದ್ದೇನು?"

ಫ್ಯಾನು ಪೇಪರ್ ಎಬ್ಬಸ್ತಿತ್ತು, ಅಂಗೈಲೆ ಒತ್ತಿ ಹಿಡದೆ.
"ಇಲ್ರಿ," ಅಂದೆ.
"ಅದನ್ನೂ ಬರ್ಕೋರಿ."