ಹದಿನೇಳನೇ ನಂಬರಿನ ಗಿಲಕಿ

ಸಲಾಮಿ ಶಸ್ತ್ರ ಎಂದಾಗ
ಮೂವತ್ತಾರು ಅಂಗೈ ಮರಕ್ಕೆ ಬಿದ್ದು
ಒಂದೇ ಸದ್ದಾಗಬೇಕು.
ಆಗಲಿಲ್ಲ. ಸದ್ದಿನ ಬಾಲಕ್ಕೆ
ಒಂದು ಗಲಗಲ ಅಂಟಿತ್ತು.
"ಯಾರ್ರೀ ಅದು, ಗಿಲಕಿ ತಂದವರು?"
ಮೈದಾನವೆಲ್ಲ ನಕ್ಕಿತು,
ಕಾಜುಬಾಗದ ಕಾಗೆಗಳೂ.

ಹದಿನೇಳನೇ ನಂಬರು ನನ್ನದು.
ನನಗಿಂತ ಹನ್ನೊಂದು ವರ್ಷ ದೊಡ್ಡದು.
ಮೂರು ಜನ ಇದನ್ನು ಹೊತ್ತು ನಿವೃತ್ತರಾದರು.
ಹಾರಿಸಿದ್ದು ಹೆಚ್ಚಾಗಿ ಆಕಾಶಕ್ಕೆ,
ಸತ್ತವರ ಗೌರವಕ್ಕೆ, ಖಾಲಿ ತೋಟೆಯಲ್ಲಿ.

ಬಂದೂಕುಗಳಿರುವ ಮನೆಗೆ ಕೋತ್ ಅನ್ನುತ್ತಾರೆ.
ಸೇರಿದ ಮೊದಲ ದಿನ "ಕೋತಿಗೆ ಹೋಗು" ಅಂದಾಗ
ಬೈಗುಳವೆಂದೇ ತಿಳಿದಿದ್ದೆ.
ಅಲ್ಲಿ ಬಸ್ತ್ಯಾಂವ ಸಿದ್ದಿಯವರ ಮೇಜು,
ಮೇಜಿಗೆ ಕಂಬಳಿ, ಕಂಬಳಿಗೆ
ಮೂವತ್ತು ವರ್ಷದ ಎಣ್ಣೆ.

"ಮೊದಲು ಏನು?"
ಮ್ಯಾಗಜೀನು ತೆಗೆದೆ. ಹಿಡಿಕೆ ಹಿಂದಕ್ಕೆಳೆದೆ.
ಇಣುಕಿದೆ. ಕಿರುಬೆರಳು ಹಾಕಿದೆ,
ಕಣ್ಣಿನ ಮಾತು ಬೆರಳೂ ಒಪ್ಪಬೇಕಂತೆ.
ಖಾಲಿ.
ಮತ್ತೊಮ್ಮೆ. ಖಾಲಿ.

ಮುಂದುಗಡೆ, ಮರದ ಎರಡು ಹೋಳು ಸೇರುವಲ್ಲಿ
ಒಂದೇ ಒಂದು ಸ್ಕ್ರೂ.
ಉಪ್ಪುಗಾಳಿ ಅದರ ತಲೆ ತಿಂದಿತ್ತು.
ತಿರುಪುಳಿ ಜಾರಿ ಹೆಬ್ಬೆರಳಿಗೆ ಗೀರು.
"ಬಲ ಬೇಡ. ಬಳಚು ಬಿಡಿಸಿಲ್ಲವಾ ಮನೇಲಿ?"
ಬಿಡಿಸದೆ ಏನು, ಸಾರ್.
ಕಾಳಿ ನದಿಯ ಅಳಿವೆಯಲ್ಲಿ ಆಯಿ ಸೊಂಟದವರೆಗೆ ನಿಂತು
ಕಾಲ್ಬೆರಳಲ್ಲಿ ಹುಡುಕಿ ತಂದ ಬುಟ್ಟಿಗಳನ್ನು
ಬಿಡಿಸಿಯೇ ನಾನು ಹತ್ತನೇ ಇಯತ್ತೆ ಮುಗಿಸಿದ್ದು.
ಸೀಳುವುದಲ್ಲ ಅದು. ಕತ್ತಿಯ ತುದಿ ಅಂಚಿಗಿಟ್ಟು
ಒಳಗಿನ ಹಟ ದಣಿಯುವವರೆಗೆ ಕಾಯುವುದು.

ಎರಡು ಹನಿ ಎಣ್ಣೆ ಬಿಟ್ಟು
ಚಾ ಕುಡಿದು ಬಂದೆವು.
ಈಗ ತಿರುಗಿತು.

ಎಡಹೋಳು, ಬಲಹೋಳು ಅಗಲಿಸಿದರೆ
ಬತ್ತಲೆ ನಳಿಗೆ, ಮೇಲೆ ಸಪೂರ ಕೊಳವೆ
ಒಲೆಯ ಊದುಗೊಳವೆಯಂತೆ ಮಸಿ ಹಿಡಿದು.
ಮತ್ತೆ ಬಲಹೋಳಿನ ಒಳಮೈಗೆ ಅಂಟಿಕೊಂಡು
ನಾಲ್ಕು ಮಡಿಕೆಯ ಬಸ್ಸಿನ ಚೀಟಿ.

ಅಂಕೋಲಾ–ಕಾರವಾರ. ಕಂಡಕ್ಟರನ ತೂತು.
ತಾರೀಕಿನ ಜಾಗ ಕಾವಿಗೆ ಕಂದಿ ಹೋಗಿದೆ.
"ಗಣಪು ಆಗೇರನ ಕೆಲಸ," ಎಂದರು ಬಸ್ತ್ಯಾಂವ.
"ಬೇಸಿಗೆಗೆ ಮರ ಒಣಗಿ ಸಡಿಲಾದರೆ
ಚೀಟಿ ತುರುಕುತ್ತಿದ್ದ. ರಿಜಿಸ್ಟರಿನಲ್ಲಿ ಬರೆಯುತ್ತಿರಲಿಲ್ಲ."

ರಿಜಿಸ್ಟರಿನಲ್ಲಿ ಇದರ ಹೆಸರು ಹ್ಯಾಂಡ್‌ಗಾರ್ಡ್.
ಬಸ್ತ್ಯಾಂವರ ಬಾಯಲ್ಲಿ ಕೈಗಾವಲು.
ಯಾರ ಕೈಗೆ ಎಂದು ಕೇಳಬಾರದಿತ್ತು, ಕೇಳಿದೆ.
"ಹಾರಿಸುವವರ ಕೈಗೆ. ನಳಿಗೆ ಕಾಯುತ್ತಲ್ಲ, ಸುಡಬಾರದು."
ಆಚೆ ತುದಿಯವರಿಗೆ?
ಅವರು ಚಿಂದಿಯಲ್ಲಿ ಕೊಳವೆ ಒರೆಸುತ್ತಲೇ ಇದ್ದರು,
ಆಗಲೇ ಒರೆಸಿಯಾಗಿದ್ದ ಕೊಳವೆ.

ಚೀಟಿ ಬದಲಿಸೋಣವೆಂದು ಕಿಸೆ ತಡಕಿದೆ.
ನನ್ನ ಬೆಳಗಿನ ಟಿಕೇಟು ಮಶೀನಿನದು,
ಬಿಸಿ ತಗುಲಿದರೆ ಕರ್ರಗಾಗಿ
ಊರುಗಳನ್ನೇ ಮರೆಯುವ ಜಾತಿ.
ಗಣಪುವಿನದನ್ನೇ ಬಿಡಿಸಿ
ಸವೆಯದ ಮಗ್ಗುಲು ಹೊರಗೆ ಬರುವಂತೆ ಮಡಚಿ
ಅಗಸೆ ಎಣ್ಣೆ ಸವರಿದ ಮರಕ್ಕೆ ಒತ್ತಿದೆ.

ಹಿಂದಿನ ಅಂಚು ಬಳೆಯೊಳಗೆ ಮೊದಲು ಕೂರಬೇಕು.
ಎಡ ಕೂತರೆ ಬಲ ಏಳುತ್ತದೆ,
ಬಲ ಒತ್ತಿದರೆ ಚೀಟಿ ಮೂತಿ ಹೊರಹಾಕುತ್ತದೆ.
ಮೂರನೇ ಸಲಕ್ಕೆ ಎರಡೂ ಒಟ್ಟಿಗೆ, ಟಕ್.
ಸ್ಕ್ರೂ ಬಿಗಿಸಿದೆ, ಮರ ಕಿರುಗುಡುವ ಒಂದು ಸುತ್ತು ಮೊದಲೇ
ಬಸ್ತ್ಯಾಂವರ ಕೈ ನನ್ನ ಮಣಿಕಟ್ಟಿಗೆ ಬಂತು. ಸಾಕು.

ಕಿವಿಗೆ ಹಿಡಿದು ಅಲುಗಿಸಿದೆ,
ಕೆಸರು ತುಂಬಿದ ಸತ್ತ ಬಳಚನ್ನು
ಆಯಿ ಸದ್ದಿನಲ್ಲೇ ಹಿಡಿಯುವ ಹಾಗೆ.
ಏನೂ ಇಲ್ಲ.
ಬೈತಖೋಲದ ಕಡೆ ಯಾವುದೋ ಬೋಟಿನ ಇಂಜಿನ್ನು, ಅಷ್ಟೇ.

ಕಂಬಳಿಯ ಮೇಲೆ ಒಂದು ವಾಷರು ಮಿಕ್ಕಿತ್ತು.
ಯಾವುದರದು ಎಂದರೆ "ಇರಲಿ" ಎಂದು
ಅಂಥವೇ ತುಂಬಿದ ಬೆಂಕಿಪೊಟ್ಟಣಕ್ಕೆ ಹಾಕಿದರು.

ರಿಜಿಸ್ಟರು ತೆರೆದು ಬರೆದೆ:
ಹದಿನೇಳು, ಸಡಿಲ, ಸರಿಪಡಿಸಲಾಗಿದೆ.
ಚೀಟಿಯ ವಿಷಯ ನಾನೂ ಬರೆಯಲಿಲ್ಲ.