ಎರಡನೇ ಕರಡು

ಮೊದಲಿಗೆ ಹೆಸರು.
ನಮ್ಮ ಡಿಟಿಪಿ ಹುಡುಗ ಚನ್ನವೀರ
ಸುಮೇಯ್ ಅಂತ ಕಂಡಲ್ಲೆಲ್ಲ ಸುಮಾ ಮಾಡಿಟ್ಟಿದ್ದಾನೆ,
ಮೂವತ್ತೆರಡು ಪುಟದಲ್ಲಿ ನಲವತ್ತೊಂದು ಸಲ.
"ತಪ್ಪ ಬಿದ್ದಿತ್ರಿ ಅಕ್ಕಾರ, ನಾನಽ ಸರಿ ಮಾಡೀನಿ."
ಕೆಂಪು ಪೆನ್ನಿನಿಂದ ನಲವತ್ತೊಂದು ಸಲ
ಆಕೆಯನ್ನು ಆಕೆಗೆ ಮರಳಿಸಿದೆ.

ಮಕ್ಕಳ ಪುಸ್ತಕ. ಬರೆದಾಕೆ ಸುಮೇಯ್ ಲಿಯು,
ಹುಬ್ಬಳ್ಳಿಯ ದಾಜಿಬಾನಪೇಟೆಯಲ್ಲಿ ಹುಟ್ಟಿದವಳು.
ಕತೆ ಅವಳಜ್ಜನದು:
ಯಾವುದೋ ದೊಡ್ಡ ಹೊಳೆಯ ದಂಡೆಯಿಂದ
ಕಾಗದದ ಹೂ ಮಾರುತ್ತ ಮಾರುತ್ತ
ಹಡಗು ಹತ್ತಿ, ರೈಲು ಹತ್ತಿ,
ಹೂ ತೀರಿದ ಊರಲ್ಲಿ ಇಳಿದು
ಹಲ್ಲು ಕಟ್ಟಲು ಕೂತ.

ಏಳನೇ ಪುಟದ ಚಿತ್ರದಲ್ಲಿ ಒಂದು ಚೀನೀ ಅಕ್ಷರ,
ಎರಡೇ ಗೆರೆ, ಒಂದರ ಮೈಗೊಂದು ಒರಗಿದ್ದು.
ಮೇಲೆ ಯಾವುದು, ಕೆಳಗೆ ಯಾವುದು
ಪ್ರೆಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ.
ಮಾಲಕರು ಅಂದಾನೆಪ್ಪನವರು ಹಾಳೆ ತಿರುಗಿಸಿ ತಿರುಗಿಸಿ
"ಕವಗೋಲು ಇದ್ದಂಗ ಐತಿ" ಎಂದರು.
ಹುಬ್ಬಳ್ಳಿಗೆ ಫೋನು ಹಚ್ಚಿದೆ.
ನಕ್ಕಳು: "ತಲಿಕೆಳಗ ಆಗೇತ್ರಿ.
ಮನಶ್ಯಾ ಅಂತ ಅದರ ಅರ್ಥ.
ಕಾಲು ನೆಲಕ್ಕ ಇರಲಿ."

ಹನ್ನೊಂದರಲ್ಲಿ ಶಾವಿಗೆ, ಹನ್ನೆರಡರಲ್ಲಿ ಹಬೆಯ ಕಡಬು,
ಒಳಗೆ ಹೂರಣವಲ್ಲ, ಉಳ್ಳಾಗಡ್ಡಿ ತಪ್ಪಲು.
ಅಲ್ಪವಿರಾಮ ಒಂದು. ದೀರ್ಘ ಎರಡು.

ಹದಿನಾಲ್ಕನೇ ಪುಟ.
'ಅಜ್ಜ ಗುರುವಾರಕ್ಕೊಮ್ಮೆ ಪೆಟ್ಟಿಗಿ ತಗೊಂಡು
ಗದಗಕ ಹೋಗತಿದ್ದ.
ಯುದ್ಧ ಆತು. ಅಜ್ಜ ಮಾಡಿದ್ದಲ್ಲ.
ಆದ್ರೂ ಪೊಲೀಸರು ಬಂದು ಊರು ಬಿಡಬ್ಯಾಡ ಅಂದ್ರು.
ವಾರಾ ವಾರಾ ಠಾಣೇಕ ಹೋಗಿ ಸಹಿ ಹಾಕತಿದ್ದ.
ಗದಗಿನ ಒಬ್ಬಾಕಿ ಅಮ್ಮನ ಹಲ್ಲು
ನೀರಿನ ಗ್ಲಾಸಿನಾಗ
ನಾಕು ವರ್ಷ ನಕ್ಕೋತ ಕೂತಿದ್ವು.'

ಪೆನ್ನು ನಿಂತಿತು.

ನಮ್ಮ ಬೆಟಗೇರಿ ಆಯಿ, ಸಕ್ರವ್ವ,
ಒರಳಲ್ಲಿ ರೊಟ್ಟಿ ಕುಟ್ಟಿ ಸಾರಿನಲ್ಲಿ ನೆನೆಸಿ ಉಂಡಾಕೆ,
ತುತ್ತಿಗೊಂದು ಬೈಗುಳ:
"ಬಾಯಾಗ ಮೇಣ ಇಟ್ಟು ಅಳತಿ ತಗೊಂಡು ಹ್ವಾದ.
ಹದಿನೈದು ರೂಪಾಯಿ ಮುಂಗಡ.
ಚೀನಾದಾಂವ ಮತ್ತ ಮಾರಿ ತೋರಸಲಿಲ್ಲ ನೋಡು."
ಮನೆಯಲ್ಲಿ ಮಾತು ತಪ್ಪಿದವರಿಗೆಲ್ಲ ಅದೇ ಹೆಸರು,
ಹಲ್ಲಿನಾಂವ.
ಹಾಲು ತಪ್ಪಿಸಿದವನಿಗೆ, ಬಾರದ ಅಗಸನಿಗೆ,
ಒಮ್ಮೆ ನನ್ನ ಗಂಡನಿಗೆ.

ಆಕೆಯ ಹಲ್ಲೇ ಅಂತ ಹೇಳಲಾರೆ.
ಗದಗಿನಲ್ಲಿ ಆಗ ಬೊಚ್ಚುಬಾಯಿ ಎಷ್ಟಿದ್ದವೋ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಯಾರ ಹಲ್ಲು?
ಆಮೇಲೆ ರಬ್ಬರು ಹಚ್ಚಿದೆ.
ಎಂಟು ವರ್ಷದವರು ಓದುವ ಪುಸ್ತಕ.

ಅಂದಾನೆಪ್ಪನವರು ಮೊದಲ ಕರಡಿನಲ್ಲೇ
ಆಕಿ, ನಕ್ಕೋತ, ನಮ್ಮೂರು ಎಲ್ಲ ಹೊಡೆದು
ಗ್ರಂಥದ ಮಾತು ಬರೆದಿದ್ದರು:
"ಚೀನಾದ ಹುಡುಗಿಗೆ ಹುಬ್ಬಳ್ಳಿ ಭಾಷಾ ಯಾಕ್ರಿ?"
'ಅಜ್ಜ ಮಾಡಿದ್ದಲ್ಲ' ಅನ್ನುವುದಕ್ಕಂತೂ ಅಡ್ಡಗೆರೆ.

ಹೊಡೆದ ಮಾತು ಉಳಿಸಬೇಕಾದರೆ
ಕೆಳಗೆ ಚುಕ್ಕಿ ಇಡುವುದು ನಮ್ಮ ಕಸುಬಿನ ರೂಢಿ.
ಇಟ್ಟೆ. ಆಕಿ ಕೆಳಗೆ, ನಕ್ಕೋತ ಕೆಳಗೆ, ನಮ್ಮೂರಿನ ಕೆಳಗೆ.
ಅಜ್ಜನ ಸಾಲಿನ ಕೆಳಗೆ ಒತ್ತಿ,
ಹಾಳೆಯ ಬೆನ್ನಿಗೆ ಮೂಡುವಷ್ಟು.
ಅಂಚಿನಲ್ಲಿ ಬರೆದೆ: ಇರಲಿ.

ಪುಟಕ್ಕೆ ಹದಿನೈದು ರೂಪಾಯಿ ನನ್ನ ದರ.
ಬಿಲ್ಲಿನಲ್ಲಿ ಮೂವತ್ತೊಂದು ಪುಟ ಹಿಡಿದೆ.