ಒಂಬತ್ತನೆಯ ಪ್ರಶ್ನೆ

ಎಂಟು ಪ್ರಶ್ನೆ ದಾಟುವುದು ಸುಲಭ.
ನಿದ್ದೆ ಹತ್ತುತ್ತದಾ, ಊಟ ಸೇರುತ್ತದಾ,
ಕೈಗೆತ್ತಿಕೊಂಡ ಕೆಲಸದಲ್ಲಿ ಮನಸ್ಸು ನಿಲ್ಲುತ್ತದಾ—
ಎಂಬಿಟಾದ ಈ ತಗಡು ಮಾಡಿನ ಕ್ಲಿನಿಕ್ಕಿನಲ್ಲಿ
ಗಂಡಸರು ನಕ್ಕುಬಿಡುತ್ತಾರೆ:
ಓಮೆನಾ ಮೀನು ಹಿಡಿಯುವವನಿಗೆ ಎಂಥ ನಿದ್ದೆ, ಅಪೋಂಡಿ,
ಲಾಂದ್ರ ಹಚ್ಚಿದ ಮೇಲೇ ನಮಗೆ ಬೆಳಗು.

ಒಂಬತ್ತನೆಯದು ಬಂದಾಗ
ಪೆನ್ನು ತಾನಾಗಿ ತಡವರಿಸುತ್ತದೆ.
ಹಾಳೆಯಲ್ಲಿ ಅದು ಇಂಗ್ಲಿಷಿನಲ್ಲಿದೆ,
ಆಸ್ಪತ್ರೆಯ ಚಮಚದ ಹಾಗೆ ತಣ್ಣಗೆ.
ನಮ್ಮ ಲುವೋ ಮಾತಿನಲ್ಲಿ ಅದಕ್ಕೆ ನಾಲಿಗೆ ಹೊರಳಲು
ನನಗೆ ಮೂರು ವರ್ಷ ಹಿಡಿಯಿತು.
ಮೊದಮೊದಲು ಕೇಳುತ್ತಿದ್ದೆ:
ಅಂಥಾದ್ದೇನೂ ಇಲ್ಲ ತಾನೇ?
ಇಲ್ಲ, ಅನ್ನುತ್ತಿದ್ದರು.
ಇಲ್ಲ ಅನ್ನಿಸಿಕೊಳ್ಳಲೆಂದೇ ಕೇಳಿದ ಪ್ರಶ್ನೆ.
ಸೊನ್ನೆ ಬರೆದು ಮುಂದಿನವರನ್ನು ಕೂಗುತ್ತಿದ್ದೆ.

ಆ ಸೊನ್ನೆಗಳಲ್ಲೊಂದು ಕ್ವಿಂಟರ್‌ಳದು.
ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಬಂದದ್ದು.
ಮಾತ್ರೆ ಯಾಕೆಂದು ತಿಳಿಯುವ ಮೊದಲೇ
ಮಾತ್ರೆಯ ಹೊತ್ತು ಕಲಿತವಳು.
ಕೂದಲು ಹೆಣೆಯುವ ಅಂಗಡಿ ಇಡುತ್ತೇನೆ ಅಂದಿದ್ದಳು,
ಬೋರ್ಡಿಗೆ ಯಾವ ಬಣ್ಣ ಒಪ್ಪೀತು ಅಂತಲೂ ಕೇಳಿದ್ದಳು.
ಈಗಿಲ್ಲ.
ಆ ಹಾಳೆ ಕಪಾಟಿನಲ್ಲಿದೆ.
ಎಷ್ಟು ದುಂಡಗೆ ಬರೆದಿದ್ದೇನೆ ಆ ಸೊನ್ನೆಯನ್ನು!

ಇವತ್ತು ಒಲ್ವೆನಿ.
ದೋಣಿಯ ಬಿರುಕಿಗೆ ಹತ್ತಿ ತುಂಬಿ ಮೆತ್ತುವ ಕೈ;
ಅದೇ ಹತ್ತಿಯನ್ನು ಮಾತ್ರೆ ಡಬ್ಬಿಗೂ ತುರುಕುತ್ತಾನೆ,
ನಡೆಯುವಾಗ ಸದ್ದಾಗಬಾರದು.
ಸದ್ದಾದರೆ ದಡಕ್ಕೆಲ್ಲ ಕಿವಿ.
ಲ್ಯಾಬಿನ ಚೀಟಿ ಓದಿ ಹೇಳಿದೆ:
ಖುಷಿಪಡು ಮಾರಾಯ, ನಿನ್ನ ರಕ್ತದಲ್ಲಿ ವೈರಸ್ಸು ಕಾಣಿಸುತ್ತಲೇ ಇಲ್ಲ.
ನಾನೂ ಅಷ್ಟೇ, ಅಂದ.
ಅಣ್ಣನ ಮನೆಯಲ್ಲಿ ಅವನ ಲೋಟ ಬೇರೆ.
ಬಲೆ ಎಳೆಯಲು ಕರೆಯುವುದು ನಿಂತು ಎರಡು ಮಳೆಗಾಲ.

ಎಂಟಕ್ಕೂ ನೆಟ್ಟಗೆ ಉತ್ತರಿಸಿದ.
ನಡುವೆ ಸುಮ್ಮನೆ ಹೇಳಿದ,
ಚಹಾದಂಗಡಿಯ ಸಾಲ ತೀರಿಸಿದೆ,
ಒಳ್ಳೇ ಲಾಂದ್ರವನ್ನು ತಂಗಿಯ ಮಗನಿಗೆ ಕೊಟ್ಟೆ ಅಂತ.
ಸಾಲ ತೀರಿದವನ ಮುಖ ಹಗುರಾಗಬೇಕು.
ಇವನದು ಗುಡಿಸಿಟ್ಟ ಮನೆ,
ಬೀಗ ಹಾಕಿ ಹೊರಡುವವರು ಗುಡಿಸಿದ ಹಾಗೆ.

ಪೆನ್ನು ಕೆಳಗಿಟ್ಟೆ.
ಒಲ್ವೆನಿ, ಸತ್ತುಹೋಗಬೇಕು ಅನ್ನಿಸುತ್ತಿದೆಯಾ?

ಹೊರಗೆ ಹೆಂಗಸರು ಒಣಹಾಕಿದ ಮೀನು ತಿರುವುತ್ತಿದ್ದರು,
ಯಾರದೋ ಮಗು ಕೆಮ್ಮಿತು,
ಸರೋವರ ತನ್ನ ಪಾಡಿಗೆ ದಡ ನೆಕ್ಕಿತು.
ಅವನು ಉತ್ತರ ಕೊಡಲಿಲ್ಲ, ಕೇಳಿದ:
ನಿನಗೆ?

ಹಾಳೆಯಲ್ಲಿ ಕೇಳುವವಳಿಗೆ ಮನೆ ಕೊರೆದಿಲ್ಲ.
ನನ್ನ ಚೀಲದ ತಳದಲ್ಲೂ ಅದೇ ಡಬ್ಬಿ, ಹನ್ನೊಂದು ವರ್ಷದಿಂದ.
ಹೌದು, ಅಂದೆ. ಮಗಳು ಹಾಲು ಬಿಟ್ಟ ವರ್ಷ.
ದಿನಾ ಸಂಜೆ.
ಆಮೇಲೆ?
ಒಬ್ಬಳ ಹತ್ತಿರ ಹೇಳಿದೆ. ಅವಳು ಎದ್ದುಹೋಗಲಿಲ್ಲ.
ಅಷ್ಟೇನಾ?
ಆ ರಾತ್ರಿಗೆ ಅಷ್ಟು ಸಾಕಾಯಿತು.
ಮರುದಿನದಿಂದ ಡಾಕ್ಟರು, ಇನ್ನೊಂದು ಮಾತ್ರೆ,
ಮಾತಾಡಿಸಲೆಂದೇ ಕೂರಿಸುತ್ತಿದ್ದ ಬೇಜಾರಿನ ಬುಧವಾರಗಳು.

ಬಹಳ ಹೊತ್ತು ಉಗುರಿನ ಟಾರು ಕೆರೆಯುತ್ತ ಕೂತ.
ಆಮೇಲೆ ಬೆರಳಿಟ್ಟ, ಮೂರರ ಮೇಲೆ:
ಹೆಚ್ಚುಕಡಿಮೆ ಪ್ರತಿದಿನ.

ನಾಳೆ ಬಾ ಅನ್ನಲಿಲ್ಲ ನಾನು.
ಉಳಿದವರಿಗೆ ಕಾಯಲು ಹೇಳಿ ದಡದುದ್ದಕ್ಕೂ ಜೊತೆಗೇ ನಡೆದೆ
ನರ್ಸ್ ರೋಸ್ಬೆಲಾಳ ಮನೆಗೆ.
ನನ್ನ ಡಬ್ಬಿಗೆ ನಾನು ಹತ್ತಿ ತುರುಕುವುದಿಲ್ಲ,
ಹೆಜ್ಜೆಗೊಮ್ಮೆ ಚೀಲ ಗಲಗಲ.
ತಿರುಗಿ ನೋಡಿದರು.
ನೋಡಲಿ.

ಈಗ ಕತ್ತಲು. ನೀರಿನ ಮೇಲೆ ಲಾಂದ್ರಗಳ ಸಾಲು.
ಅವನದು ಯಾವುದೆಂದು ಎಣಿಸುವ ಕೆಲಸ ಇವತ್ತಿಗಿಲ್ಲ.
ತಂಗಿಯ ಮಗ ಅದನ್ನು ಹಿಡಿದುಕೊಂಡೇ ಬಂದು
ಹೊಸ್ತಿಲಲ್ಲಿ ಕೂತಿದ್ದಾನೆ, ಎದ್ದುಹೋಗುವ ಲಕ್ಷಣವಿಲ್ಲ.
ಒಳಗೆ ಒಲ್ವೆನಿ,
ಚಹಾಕ್ಕೆ ಸಕ್ಕರೆ ಜಾಸ್ತಿಯಾಯಿತು ಅಂತ
ರೋಸ್ಬೆಲಾ ಹತ್ತಿರ ಗೊಣಗುತ್ತಿದ್ದಾನೆ.